ಮೀಟರಣ್ಣನ ಮೌನ ಪ್ರಾರ್ಥನೆ

ಕರೆಂಟು ಹುಟ್ಟುವ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ಮೀಟರಣ್ಣನಿಗೆ ಯಾವಾಗ ಹತ್ತಿಕೊಂಡಿತೋ ಅವನಿಗೇ ನೆನಪಿಲ್ಲ. ಇಪ್ಪತ್ತಾರು ವರ್ಷದಿಂದ ಅವನದು ಒಂದೇ ಕೆಲಸ: ಮನೆಮನೆಗೆ ಹೋಗುವುದು, ಮೀಟರ್ ಯಾವ ಮೂಲೆಯಲ್ಲಿದೆಯೋ ಹುಡುಕುವುದು, ಅಂಕಿ ಓದಿ ಬರೆದುಕೊಳ್ಳುವುದು, ಮುಂದಿನ ಮನೆಯ ಬಾಗಿಲು ಬಡಿಯುವುದು. ಕರೆಂಟು ಬಂದು ಸೇರುವ ಜಾಗ ಅವನಿಗೆ ಕಣ್ಣು ಕಟ್ಟಿ ಬಿಟ್ಟರೂ ಗೊತ್ತು. ಅದು ಹೊರಡುವ ಜಾಗ ಮಾತ್ರ ಗೊತ್ತಿಲ್ಲ. ಸೊಸೆಯನ್ನು ಮನೆ ತುಂಬಿಸಿಕೊಂಡು ಇಪ್ಪತ್ತಾರು ವರ್ಷವಾದರೂ ಅವಳ ತವರುಮನೆಯ ಕಡೆ ತಲೆ ಹಾಕದ ಮಾವನಂತೆ ಆಗಿತ್ತು ಅವನ ಪರಿಸ್ಥಿತಿ.

ಹೀಗಿರುವಾಗ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಒಂದು ಪ್ರಕಟಣೆ ಅಂಟಿಸಿದರು. 'ಪರದೇಶ ಸೇವಾ ಪ್ರವಾಸ, ಎಂಟು ದಿನ. ಅಲ್ಲಿಯ ಒಂದು ಸಣ್ಣ ಊರಿನ ಸಭೆಯವರೊಂದಿಗೆ ಸೇರಿ ಗಾಯನ, ಪ್ರಾರ್ಥನೆ, ವೃದ್ಧರ ಮತ್ತು ಒಂಟಿಯಾಗಿರುವವರ ಭೇಟಿ. ಬಿಡುವಿನಲ್ಲಿ ಸ್ಥಳವೀಕ್ಷಣೆ. ಕಡೆಯ ದಿನ ಜಲಪಾತ ಮತ್ತು ಅದರ ಬುಡದಲ್ಲಿರುವ ನೂರು ವರ್ಷದ ಹಳೆಯ ವಿದ್ಯುತ್ ಕೇಂದ್ರ.' ಎಲ್ಲರೂ ಮೊದಲ ಸಾಲು ಓದಿ 'ಸ್ತೋತ್ರ' ಅಂದರು. ಮೀಟರಣ್ಣ ಕಡೆಯ ಸಾಲು ಓದಿ ಸ್ತೋತ್ರ ಅಂದ. ದೇವರಿಗೆ ಎರಡೂ ತಲುಪಿರಬೇಕು.

ಆದರೆ ಅರ್ಜಿಯಲ್ಲಿ ಒಂದು ಕಾಲಂ ಇತ್ತು: 'ತಾವು ಮಾಡಬಲ್ಲ ಸೇವೆ.' ಹಾಡುವವರು ಹಾಡು ಎಂದು ಬರೆದರು, ಮಾತು ಬಲ್ಲವರು ಪ್ರಸಂಗ ಎಂದು ಬರೆದರು. ಮೀಟರಣ್ಣ ಪೆನ್ಸಿಲ್ ಕಡಿಯುತ್ತ ಒಂದು ಸಂಜೆ ಪೂರ್ತಿ ಯೋಚಿಸಿ, ಕಡೆಗೆ ತನ್ನ ಅನುಭವದಲ್ಲಿ ಸುಳ್ಳಲ್ಲದ್ದನ್ನೇ ಬರೆದ. ಪ್ರವಾಸ ಸಮಿತಿಯ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಅವನ ಹೆಂಡತಿಯ ಅಣ್ಣ. ಗಾಯನ ತಂಡದ ಯಜಮಾನನೂ ಅವನೇ, ಹಾರ್ಮೋನಿಯಂ ಅವನದೇ, ಅಭಿಪ್ರಾಯಗಳೂ ಅವನವೇ. ಸಮಿತಿಯ ಮುಂದೆ ಅವನು ಅರ್ಜಿಯನ್ನು ಗಟ್ಟಿಯಾಗಿ ಓದಿದ.

"'ಮನೆಮನೆಗೆ ಹೋಗಿ ಬರಬಲ್ಲೆ. ನಾಯಿಗೆ ಹೆದರುವುದಿಲ್ಲ.' ಏನಯ್ಯಾ ಇದು? ನಾಯಿಗೆ ಹೆದರದೇ ಇರೋದು ಒಂದು ಸೇವೆನಾ?"

"ಅಲ್ಲಿ ನಾಯಿ ಇರಲ್ವಾ ಭಾವ?" ಎಂದು ಮೀಟರಣ್ಣ ನಿಜವಾದ ಕುತೂಹಲದಿಂದ ಕೇಳಿದ.

ಸಭಾಪಾಲಕರಾದ ಅಯ್ಯನವರು ನಗು ತಡೆದುಕೊಂಡು, "ಬರಲಿ ಬಿಡಿ. ಹಾರ್ಮೋನಿಯಂ ಪೆಟ್ಟಿಗೆ ಹೊರೋಕೆ ಒಬ್ಬರು ಬೇಕಲ್ಲ," ಅಂದರು. ಹೀಗೆ ಮೀಟರಣ್ಣ ಪೆಟ್ಟಿಗೆ ಹೊರುವವನಾಗಿ ಸುವಾರ್ತಾ ಸೇವೆಗೆ ಆಯ್ಕೆಯಾದ.

ಸುದ್ದಿ ಬೀದಿಗೆ ಬಂತು. ಎದುರುಮನೆಯಾಕೆ, "ಅಲ್ಲೂ ಮೀಟರ್ ನೋಡೋಕಾ?" ಎಂದು ಕೇಳಿದಳು. "ಇಲ್ಲಮ್ಮ, ದೇವರ ಸೇವೆಗೆ," ಎಂದ. ಆಕೆ ಒಣಗಿಸುತ್ತಿದ್ದ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಗೆ ಓಡಿದಳು. ಹೆಂಡತಿ ಮಾತ್ರ ನಗಲಿಲ್ಲ. ಹೊರಡುವ ದಿನ ಅಂಗಿಯ ಗುಂಡಿ ಹಾಕುತ್ತ ಹೇಳಿದಳು: "ಅಣ್ಣನ ಮರ್ಯಾದೆ ಕಳೀಬೇಡಿ. ಯಾರ ಮನೆಗೆ ಹೋದ್ರೂ ಕೊಟ್ಟ ಕುರ್ಚೀಲಿ ಕೂತ್ಕೊಳ್ಳಿ. ಕಳ್ಳರ ಥರ ಮೂಲೆ ಮೂಲೆ ಇಣುಕಬೇಡಿ. ನನ್ನ ತಮ್ಮನಿಗೆ ಹೆಣ್ಣು ನೋಡೋಕೆ ಹೋದಾಗ ಏನ್ ಮಾಡಿದ್ರಿ, ನೆನಪಿದೆಯಾ?"

ನೆನಪಿತ್ತು. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದಾಗ ಇವನು ಮೀಟರನ್ನು ನೋಡಿ ಬಂದು, ಬೀಗರಾಗಬೇಕಾದವರಿಗೆ "ಮೂರು ಜನಕ್ಕೆ ಇಷ್ಟು ಯೂನಿಟ್ಟು ಜಾಸ್ತಿ ಆಯ್ತು" ಎಂದು ಬುದ್ಧಿ ಹೇಳಿದ್ದ. ಆ ಸಂಬಂಧ ಅಲ್ಲಿಗೇ ನಿಂತಿತ್ತು.

"ಈ ಸಲ ನೋಡಲ್ಲ," ಎಂದು ಮೀಟರಣ್ಣ ಮಾತು ಕೊಟ್ಟ. ಕೊಡುವಾಗ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಪರದೇಶದ ಆ ಊರು ಚಿಕ್ಕದು, ಚಳಿಯದು, ಕಲ್ಲಿನ ಬೀದಿಗಳದು. ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿದ್ದವು. ಅಲ್ಲಿಯ ಸಭೆಗೆ ಹಿರಿಯಮ್ಮ ಒಬ್ಬರಿದ್ದರು. ಎತ್ತರದ ಹೆಂಗಸು, ನಕ್ಕರೆ ಕಡಿಮೆಯಾಗುತ್ತದೆ ಎಂಬಂತೆ ನಗುವನ್ನು ಜೋಪಾನವಾಗಿ ಇಟ್ಟುಕೊಂಡವರು. ಭಾಷೆಯ ತೊಂದರೆಗೆ ಒಬ್ಬ ದುಭಾಷಿ ಸಿಕ್ಕಿದ್ದ. ಮೂವತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದ ಆ ಊರಿನವನೇ. ಹಡಗಿನ ಜೊತೆಗಾರರಿಂದ ನಮ್ಮ ಭಾಷೆಯನ್ನು ಬೈಗುಳದಿಂದ ಶುರುಮಾಡಿ ಪ್ರಾರ್ಥನೆಯವರೆಗೆ ಕಲಿತಿದ್ದ. ಅವನದು ಒಂದೇ ದೋಷ. ಸಪ್ಪೆ ಮಾತನ್ನು ಸಪ್ಪೆಯಾಗಿಯೇ ಬಡಿಸಲು ಅವನ ಕೈ ಬರುತ್ತಿರಲಿಲ್ಲ. ಒಂದು ಚಿಟಿಕೆ ಉಪ್ಪು, ಒಂದು ಚಿಟಿಕೆ ಖಾರ ತನ್ನ ಕಡೆಯಿಂದ ಸೇರಿಸಿಯೇ ದಾಟಿಸುತ್ತಿದ್ದ.

ಮೊದಲ ಭೇಟಿ ಬ್ರೆಡ್ ಅಂಗಡಿಯಮ್ಮನ ಮನೆಗೆ. ಮೀಟರಣ್ಣ ಪೆಟ್ಟಿಗೆ ಇಳಿಸಿ, ಕೊಟ್ಟ ಕುರ್ಚಿಯಲ್ಲಿ ಕುಳಿತು, ಕೈ ಕಟ್ಟಿಕೊಂಡ. ಭಾವ ಹಾರ್ಮೋನಿಯಂ ತೆಗೆದು ಕೆಮ್ಮಿ ಗಂಟಲು ಸರಿಮಾಡಿಕೊಂಡು ಹಾಡು ಎತ್ತಿದ. ಮೊದಲ ಚರಣದವರೆಗೆ ಮೀಟರಣ್ಣನ ಕಣ್ಣು ಅಂಕೆಯಲ್ಲಿತ್ತು. ಎರಡನೆಯ ಚರಣಕ್ಕೆ ಅದು ಮೆಲ್ಲಗೆ ಬಾಗಿಲ ಪಕ್ಕಕ್ಕೆ ಜಾರಿತು. ಅಲ್ಲಿ ಮೊಣಕಾಲೆತ್ತರದಲ್ಲಿ ಒಂದು ಪುಟ್ಟ ಮರದ ಗೂಡು, ಅದರ ಕದ ಅರ್ಧ ತೆರೆದಿತ್ತು. ಒಳಗೆ ಕಪ್ಪು ಮೈಯ, ದುಂಡು ಗಾಜಿನ, ಚಕ್ರ ತಿರುಗುವ ಹಳೆಯ ಕಾಲದ ಮೀಟರ್! ಅವನ ಊರಿನಲ್ಲಿ ಅಂಥವನ್ನು ಕಿತ್ತುಹಾಕಿ ಹತ್ತು ವರ್ಷವಾಗಿತ್ತು. ಅವುಗಳ ಜಾಗದಲ್ಲಿ ಬಂದ ಹೊಸ ಡಬ್ಬಿಗಳು ಕಣ್ಣು ಮಿಟುಕಿಸುತ್ತವೆ, ಅಷ್ಟೆ. ಇದೋ, ಬೆಳ್ಳಿಯಂಥ ಚಕ್ರ, ಅದರ ಅಂಚಿನಲ್ಲಿ ಕೆಂಪು ಗುರುತು, ನಿಧಾನವಾಗಿ ಸುತ್ತು ಹಾಕುತ್ತಿತ್ತು. ಮೀಟರಣ್ಣನಿಗೆ ಸ್ಕೂಲಿನಲ್ಲಿ ಪಕ್ಕ ಕೂತಿದ್ದ ಗೆಳೆಯ ಪರದೇಶದಲ್ಲಿ ಸಿಕ್ಕಷ್ಟು ಸಂತೋಷವಾಯಿತು. ಅವನು ಎದ್ದದ್ದು ಅವನಿಗೇ ಗೊತ್ತಾಗಲಿಲ್ಲ.

ಮೀಟರ್ ಓದುವುದಕ್ಕೆ ಅವನದೇ ಒಂದು ಕ್ರಮವಿತ್ತು. ಮೊದಲು ಟೋಪಿ ತೆಗೆದು ಎದೆಯ ಹತ್ತಿರ ಹಿಡಿಯುವುದು, ಗಾಜಿನ ಮೇಲೆ ಬೆಳಕು ಹೊಳೆಯದಿರಲಿ ಎಂದು. ಆಮೇಲೆ ಅಂಗೈಯನ್ನು ಮೃದುವಾಗಿ ಮೀಟರಿನ ನೆತ್ತಿಯ ಮೇಲೆ ಇಡುವುದು, ಬಿಸಿಯಾಗಿದ್ದರೆ ಒಳಗೆ ವೈರು ಸಡಿಲವಾಗಿದೆ ಎಂದರ್ಥ. ಆಮೇಲೆ ಅಂಕಿಗಳನ್ನು ತುಟಿಯಲ್ಲೇ ಓದಿಕೊಳ್ಳುವುದು. ಕಣ್ಣು ಮುಚ್ಚಿ ಅದನ್ನೇ ಇನ್ನೊಮ್ಮೆ ಹೇಳಿಕೊಳ್ಳುವುದು, ತಪ್ಪಿಲ್ಲ ಎಂದು ಖಾತ್ರಿಯಾಗಲು. ಕಡೆಗೆ ಕಣ್ಣು ತೆರೆದು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಬರೆಯುವುದು. ಅವನ ಊರಿನಲ್ಲಿ ಮೀಟರುಗಳು ಬಾಗಿಲ ಮೇಲಿರುತ್ತವೆ, ಆದ್ದರಿಂದ ಈ ಎಲ್ಲವನ್ನೂ ಅವನು ಕತ್ತು ಮೇಲೆತ್ತಿ ಮಾಡುತ್ತಿದ್ದ. ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಇಲ್ಲಿ ಮೀಟರು ಮೊಣಕಾಲಿನ ಮಟ್ಟದಲ್ಲಿದ್ದದ್ದರಿಂದ ತಲೆ ಬಗ್ಗಿಸಿ, ಒಂದು ಮೊಣಕಾಲೂರಿ ಮಾಡಬೇಕಾಯಿತು. ಇತಿಹಾಸದಲ್ಲಿ ದೊಡ್ಡ ದೊಡ್ಡ ಗೊಂದಲಗಳು ಇಷ್ಟೇ ಎತ್ತರದ ವ್ಯತ್ಯಾಸದಿಂದ ಆಗಿರಬಹುದು.

ಹಿರಿಯಮ್ಮ ನೋಡಿದರು. ಕೈಯೆತ್ತಿ ಹಾಡನ್ನು ನಿಲ್ಲಿಸಿದರು. ಭಾವನ ಸ್ವರ ಮೇಲಿನ ಷಡ್ಜಕ್ಕೆ ಹೋಗಿದ್ದದ್ದು ಅಲ್ಲೇ ಒಂಟಿಯಾಗಿ ನಿಂತು, ಕೆಳಗಿಳಿಯಲು ದಾರಿ ಕಾಣದೆ ಸತ್ತಿತು. ಎಲ್ಲರೂ ತಲೆ ತಗ್ಗಿಸಿದರು.

ಮೀಟರಣ್ಣ ಬರೆದು ಮುಗಿಸಿ ತಿರುಗಿದರೆ ಒಂಬತ್ತು ತಲೆಗಳು ಬಾಗಿದ್ದವು. ಯಾರೋ ತೀರಿಕೊಂಡ ಸುದ್ದಿ ಬಂದಿರಬೇಕು ಎಂದುಕೊಂಡು ಅವನೂ ತಲೆ ಬಗ್ಗಿಸಿದ. ಬ್ರೆಡ್ ಅಂಗಡಿಯಮ್ಮ ಮೂಗು ಒರೆಸಿಕೊಂಡಳು.

"ಹಿರಿಯಮ್ಮ ಕೇಳ್ತಿದ್ದಾರೆ, ಇವರು ಯಾವಾಗಲೂ ಹೀಗೇನಾ?" ಎಂದ ದುಭಾಷಿ.

"ಯಾವಾಗಲೂ ಹೀಗೇ," ಎಂದ ಭಾವ ಹಲ್ಲು ಕಡಿಯುತ್ತ. "ಯಾರ ಮನೆಗೆ ಹೋದ್ರೂ ಇದೇ ಗೋಳು. ಹೇಳಿ ಹೇಳಿ ನಮ್ಮ ಮನೆಯವರಿಗೆಲ್ಲ ಸಾಕಾಗಿದೆ."

ದುಭಾಷಿ ಅದನ್ನು ಹೀಗೆ ದಾಟಿಸಿದ: ಈ ಮನುಷ್ಯ ಹೊಕ್ಕ ಮನೆಯಲ್ಲೆಲ್ಲ ಆ ಮನೆಗಾಗಿ ಮೊಣಕಾಲೂರದೆ ಹೊರಡುವವನಲ್ಲ, ಬಂಧುಬಳಗ ತಡೆದರೂ ಕೇಳಿದವನಲ್ಲ, ಎಷ್ಟೋ ವರ್ಷದಿಂದ ಹೀಗೇ. ಹಿರಿಯಮ್ಮ ಜೋಪಾನವಾಗಿ ಇಟ್ಟುಕೊಂಡಿದ್ದ ನಗುವಿನಲ್ಲಿ ಸ್ವಲ್ಪ ಹೊರಗೆ ತೆಗೆದರು.

ಮರುದಿನ ಬ್ರೆಡ್ ಅಂಗಡಿಯ ಹಿಟ್ಟು ಎಂದಿಗಿಂತ ಎರಡು ಬೆರಳು ಹೆಚ್ಚು ಉಬ್ಬಿತಂತೆ. ಅಂಗಡಿಯಮ್ಮ ಬ್ರೆಡ್ಡಿನ ಜೊತೆ ಸುದ್ದಿಯನ್ನೂ ಮಾರಿದಳು. ಅಂದು ಏಳು ಮನೆಯವರು ಕರೆದರು. ಅದರ ಮರುದಿನ ಹದಿನಾಲ್ಕು. ಅಂದೇ ಸಂಜೆ ಅಂಚೆಯವನು ಒಂದು ಪಟ್ಟಿಯನ್ನೇ ತಂದ. ಕರೆದವರಲ್ಲಿ ಒಬ್ಬರೂ ಹಾಡು ಕೇಳಲಿಲ್ಲ. 'ಮೌನವಾಗಿ ಪ್ರಾರ್ಥಿಸುವವರು ಬಂದರೆ ಸಾಕು' ಎಂದರು. ಭಾವನ ಹಾರ್ಮೋನಿಯಂ ಪೆಟ್ಟಿಗೆಯಲ್ಲೇ ಉಳಿಯಿತು. ಹೊರುವ ಕಷ್ಟ ತಪ್ಪಿತಲ್ಲ ಎಂದು ಮೀಟರಣ್ಣ ಒಳ್ಳೆಯ ಮನಸ್ಸಿನಿಂದ ಹೇಳಿದ್ದಕ್ಕೆ ಭಾವ ಎರಡು ಹೊತ್ತು ಅವನ ಜೊತೆ ಮಾತು ಬಿಟ್ಟ.

ಮೀಟರಣ್ಣನಿಗೋ ಇದೆಲ್ಲ ಏನೆಂದೇ ತಿಳಿದಿರಲಿಲ್ಲ. ಪರದೇಶದವರು ಅತಿಥಿಗೆ ಮೊದಲು ಮೀಟರ್ ತೋರಿಸುತ್ತಾರೆ, ಎಂಥ ತಿಳುವಳಿಕೆಯ ಜನ ಎಂದು ಅವನು ಬೆರಗಾಗಿದ್ದ. ಬಾಗಿಲು ತೆರೆದವರೇ ಅವನನ್ನು ನೇರ ಗೂಡಿನ ಮುಂದೆ ಕರೆದೊಯ್ಯುತ್ತಿದ್ದರು. ಬರುವ ಸಂತರು ಅಲ್ಲೇ ಮೊಣಕಾಲೂರುತ್ತಾರೆ ಎಂದು ಕೆಲವರು ಗೂಡಿನ ಮುಂದೆ ಮೆತ್ತೆಯನ್ನೂ ಹಾಕಿಟ್ಟರು. ಚಮ್ಮಾರನ ಮನೆಯ ಚಕ್ರ ಓಡುತ್ತಿತ್ತು, ಟೀಚರ ಮನೆಯದು ತೆವಳುತ್ತಿತ್ತು. ಒಂದೊಂದು ಮನೆಯೂ ಹೇಗೆ ಬದುಕುತ್ತದೆ ಎಂದು ಊಹಿಸುತ್ತ ಅವನು ಖುಷಿಯಲ್ಲಿ ಅಂಕಿಗಳನ್ನು ತುಂಬಿಸಿಕೊಂಡ.

ವಿಷಯ ಗೊತ್ತಾದದ್ದು ನಾಲ್ಕನೆಯ ದಿನ. ಅಂದು ಮಧ್ಯಾಹ್ನ ಎಲ್ಲರೂ ಹಳೆಯ ಕೋಟೆಯನ್ನು ನೋಡಲು ಬಸ್ಸು ಹತ್ತಿದರು. ಮೀಟರಣ್ಣ ಕಾಲು ಎತ್ತಿದಾಗ ಅಯ್ಯನವರು ಭುಜ ಹಿಡಿದು ನಿಲ್ಲಿಸಿದರು. "ನೀನು ಇಲ್ಲೇ ಇರಪ್ಪ. ಹಿರಿಯಮ್ಮ ಇನ್ನೂ ಹದಿನೆಂಟು ಮನೆ ಒಪ್ಪಿಕೊಂಡುಬಿಟ್ಟಿದ್ದಾರೆ. ನಿನ್ನ ಪ್ರಾರ್ಥನೆ ಈ ಊರನ್ನೇ ಅಲುಗಾಡಿಸಿಬಿಟ್ಟಿದೆ."

"ನನ್ನ ಏನು ಅಯ್ಯನವರೇ?"

ಅಯ್ಯನವರು ವಿವರಿಸಿದರು. ಮೀಟರಣ್ಣನ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಅಯ್ಯೋ, ಅದು ಪ್ರಾರ್ಥನೆ ಅಲ್ಲ ಅಯ್ಯನವರೇ! ನಾನು ಸುಮ್ನೆ ನೋಡ್ತಾ ಇದ್ದೆ."

"ಎಷ್ಟು ವಿನಯ!" ಅಯ್ಯನವರ ಕಣ್ಣು ಒದ್ದೆಯಾಯಿತು. "ನಾನು ಮೂವತ್ತು ವರ್ಷದಿಂದ ಪ್ರಾರ್ಥಿಸ್ತಾ ಇದ್ದೀನಿ, ಒಂದು ದಿನಾನೂ ಅದು ಪ್ರಾರ್ಥನೆ ಅಲ್ಲ ಅಂತ ಹೇಳೋ ಧೈರ್ಯ ನನಗೆ ಬಂದಿಲ್ಲ."

"ಅಲ್ಲ, ನಿಜವಾಗ್ಲೂ..."

"ಕಡೆಯ ದಿನ ವಿದ್ಯುತ್ ಕೇಂದ್ರಕ್ಕೆ ನಿನ್ನನ್ನ ಬಿಟ್ಟು ಹೋಗಲ್ಲ, ಆಯ್ತಾ? ಕಿಟಕಿ ಪಕ್ಕದ ಸೀಟು ನಿನ್ನದೇ."

ಮೀಟರಣ್ಣ ಬಾಯಿ ಮುಚ್ಚಿದ. ಇದರಲ್ಲಿ ಅವನ ತಪ್ಪಿಲ್ಲ ಎಂದು ನಾವು ಹೇಳಲಾರೆವು. ಪೆಟ್ಟಿಗೆ ಹೊರುವವನಾಗಿ ಬಂದ ಮನುಷ್ಯನನ್ನು ಜನ ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಆ ರುಚಿ ಹತ್ತಿದ ಮೇಲೆ ಬಿಡುವುದು ಕಷ್ಟ. ಅಲ್ಲದೆ ನಿಜ ಹೇಳಿ ಭಾವನ ಮರ್ಯಾದೆ ಕಳೆದರೆ ಊರಿಗೆ ಹೋಗಿ ಹೆಂಡತಿಗೆ ಮುಖ ತೋರಿಸುವುದು ಹೇಗೆ? ಇನ್ನು ನಾಲ್ಕು ದಿನ. ಸುಮ್ಮನಿದ್ದರೆ ಕಿಟಕಿ ಪಕ್ಕದ ಸೀಟು, ಜಲಪಾತ, ಅದರಡಿ ಕರೆಂಟು ಹುಟ್ಟುವ ಜಾಗ. ಅವನು ಸುಮ್ಮನಾದ.

ಭಾವ ಸುಮ್ಮನಾಗಲಿಲ್ಲ. ಮೀಟರಣ್ಣ ಸ್ನಾನಕ್ಕೆ ಹೋಗಿದ್ದಾಗ ಅವನ ನೋಟುಬುಕ್ಕು ತೆಗೆದು ನೋಡಿದ. ಪುಟದ ತುಂಬ ಐದೈದು ಅಂಕಿಗಳು. ಮೊದಲು ಇದು ಮೀಟರಿನ ಗೀಳೆಂದುಕೊಂಡಿದ್ದವನಿಗೂ ಊರಿನವರ ಮಾತು ಕೇಳಿ ಕೇಳಿ ಅನುಮಾನ ಹತ್ತಿತ್ತು. ವೇದವಚನಗಳ ಸಂಖ್ಯೆ ಇರಬೇಕೆಂದು ಬೈಬಲ್ ಬಿಚ್ಚಿ ಕುಳಿತ. ಮೂವತ್ತೆಂಟನೆಯ ಅಧ್ಯಾಯದ ಇನ್ನೂರ ಏಳನೆಯ ವಚನ ಯಾವ ಪುಸ್ತಕದಲ್ಲಿಯೂ ಸಿಗಲಿಲ್ಲ. ಊಟಕ್ಕೆ ಕರೆದರೂ ಏಳಲಿಲ್ಲ. ತಾನು ನಲವತ್ತು ವರ್ಷ ಓದಿಯೂ ಕಾಣದ ವಚನಗಳನ್ನು ತಂಗಿಯ ಗಂಡ ಬಾಯಿಪಾಠ ಮಾಡಿದ್ದಾನೆ ಎಂಬ ಸಂಕಟಕ್ಕೆ ಅವನಿಗೆ ಅಂದು ಊಟ ಸೇರಲಿಲ್ಲ.

ಬೀದಿ ಮುಗಿದ ಮೇಲೆ ದಿಬ್ಬದ ಮೇಲೆ ಒಂದು ಒಂಟಿ ಮನೆಯಿತ್ತು. ಅಲ್ಲಿ ಒಬ್ಬ ಅಜ್ಜಿ, ಹಿಂದೆ ಹೊಲಿಗೆ ಟೀಚರಾಗಿದ್ದವರು. ಎರಡನೆಯ ದಿನವೇ ಮೀಟರಣ್ಣ ಅಲ್ಲಿಗೆ ಹೋಗಿದ್ದ. ಅಜ್ಜಿ ಸೌದೆ ಒಲೆಯ ಮೇಲೆ ಟೀ ಕಾಸಿ ಕೊಟ್ಟಿದ್ದರು, ತಾವು ಹೊಲಿದ ಕರ್ಚೀಫು ಕೊಟ್ಟಿದ್ದರು. ಮೀಟರಿನಲ್ಲಿ ನಲವತ್ತೊಂದು ಸಾವಿರದ ಮುನ್ನೂರ ಎಂಬತ್ತಾರು. ಚಕ್ರ ನಿಂತಿತ್ತು. ಹಗಲು ಹೊತ್ತು, ಏನೂ ಹಾಕಿಲ್ಲವೇನೋ ಎಂದುಕೊಂಡಿದ್ದ.

ಆರನೆಯ ದಿನ ಅಜ್ಜಿ ಮತ್ತೆ ಕರೆಸಿದರು. ಮೀಟರಣ್ಣ ಬಗ್ಗಿ ನೋಡಿದ. ನಲವತ್ತೊಂದು ಸಾವಿರದ ಮುನ್ನೂರ ಎಂಬತ್ತಾರು. ಟೋಪಿಯಿಂದ ಗಾಜು ಒರೆಸಿ ಇನ್ನೊಮ್ಮೆ ನೋಡಿದ. ಅದೇ. ನಾಲ್ಕು ದಿನದಲ್ಲಿ ಒಂದು ದೀಪ ಉರಿದಿದ್ದರೂ ಕಡೆಯ ಅಂಕಿ ಅಲುಗಬೇಕಿತ್ತು. ಅಂಗೈ ಇಟ್ಟು ನೋಡಿದ, ಮೀಟರು ಕಲ್ಲಿನಂತೆ ತಣ್ಣಗಿತ್ತು. ಏಳುವಾಗ ಬೇಕೆಂದೇ ಗೋಡೆಯ ಸ್ವಿಚ್ಚು ಒತ್ತಿದ. ದೀಪ ಬರಲಿಲ್ಲ.

"ಕರೆಂಟ್ ಇಲ್ವಾ ಅಂತ ಕೇಳಿ," ಎಂದ.

ದುಭಾಷಿ ಕೇಳಿದ. ಅಜ್ಜಿ ಸೆಟೆದು ಕುಳಿತರು. "ಎಲ್ಲಾ ಚೆನ್ನಾಗಿದೆಯಂತೆ. ಬಲ್ಬು ಒಂದು ಹೋಗಿದೆಯಂತೆ. ಯಾರೂ ತೊಂದರೆ ತಗೋಬೇಕಾಗಿಲ್ಲವಂತೆ. ಕತ್ತಲಾಗುತ್ಲೂ ಮಲಗಿಬಿಡೋದು ಅವರಿಗೆ ಇಷ್ಟವಂತೆ."

ಹಾಗೆ ಹೇಳುವಾಗ ಅಜ್ಜಿ ಎರಡು ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರು ಹಾಕಿಕೊಂಡಿದ್ದರು. ಮೀಟರಣ್ಣ ಟೀ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟ. ದಿಬ್ಬ ಇಳಿದು ಬಂದವನೇ ಹಿರಿಯಮ್ಮನ ಹತ್ತಿರ ಹೋಗಿ, ಅಜ್ಜಿಯ ಮನೆಯಲ್ಲಿ ಕರೆಂಟಿಲ್ಲ, ಎಷ್ಟೋ ದಿನದಿಂದ ಇಲ್ಲ ಎಂದ.

"ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳ್ತಿದ್ದಾರೆ," ಎಂದ ದುಭಾಷಿ. "ಅಜ್ಜಿ ಯಾರಿಗೂ ಏನೂ ಹೇಳೋರಲ್ಲ. ಹೋದ ಚಳಿಗಾಲದಲ್ಲಿ ಕಂಬಳಿ ತಗೊಂಡು ಹೋದವರನ್ನ ಬಾಗಿಲಿಂದಲೇ ವಾಪಸ್ ಕಳಿಸಿದ್ರಂತೆ."

ಹೇಗೆ ಗೊತ್ತಾಯ್ತು? ಮೀಟರಣ್ಣ ನೋಟುಬುಕ್ಕನ್ನು ಜೇಬಿನಲ್ಲೇ ಒತ್ತಿ ಹಿಡಿದ. ನಿಜ ಹೇಳಿದರೆ ಎಲ್ಲ ಬಯಲು. ಬೆವರೊರೆಸಿಕೊಂಡು, "ಪ್ರಾರ್ಥನೆ ಮಾಡುವಾಗ ಗೊತ್ತಾಯ್ತು," ಎಂದುಬಿಟ್ಟ.

ಹಿರಿಯಮ್ಮ ನಿಂತಲ್ಲೇ ಕಣ್ಣು ಮುಚ್ಚಿದರು. ಆಮೇಲೆ ನಿಧಾನವಾಗಿ ಏನೋ ಹೇಳಿದರು. ದುಭಾಷಿ ಈ ಸಲ ಉಪ್ಪುಖಾರ ಸೇರಿಸುವ ಅಗತ್ಯವಿರಲಿಲ್ಲ. "ಪ್ರಾರ್ಥನೇಲಿ ಗೊತ್ತಾದದ್ದು ಪ್ರಾರ್ಥನೆಯಿಂದಲೇ ಸರಿಯಾಗುತ್ತಂತೆ. ಇನ್ನೂ ಗಟ್ಟಿಯಾಗಿ ಪ್ರಾರ್ಥಿಸಿ ಅಂತಿದ್ದಾರೆ. ಇಡೀ ಸಭೆ ನಿಮ್ಮ ಜೊತೆ ಇರುತ್ತಂತೆ."

ಇಡೀ ಸಭೆ ಏಳನೆಯ ದಿನ ಅಜ್ಜಿಯ ಮನೆಗಾಗಿ ಪ್ರಾರ್ಥಿಸಿತು. ಮೀಟರಣ್ಣನೂ ಮೊದಲ ಸಲ ನಿಜವಾಗಿ ಪ್ರಾರ್ಥಿಸಿದ. ಸಂಜೆ ಓಡಿಹೋಗಿ ನೋಡಿದರೆ ಚಕ್ರ ಅಲುಗಿರಲಿಲ್ಲ. ಸಭೆಗಿಂತ ಅವನಿಗೇ ಹೆಚ್ಚು ನಾಚಿಕೆಯಾಯಿತು. ತಾನು ಒಂದು ಮಾತು ಹೇಳಿದ್ದರೆ ಅಜ್ಜಿಗೆ ಒಂದು ದಿನ ಮೊದಲೇ ಬೆಚ್ಚಗಾಗುತ್ತಿತ್ತು ಎಂಬುದು ಅವನನ್ನು ಚುಚ್ಚಿತು.

ಎಂಟನೆಯ ದಿನ ಬೆಳಿಗ್ಗೆ ಚರ್ಚಿನ ಮುಂದೆ ಬಸ್ಸು ಬಂದು ನಿಂತಿತು. ಜಲಪಾತಕ್ಕೆ ಎರಡು ಗಂಟೆಯ ದಾರಿ. ಬೀಳ್ಕೊಡಲು ಊರೇ ಸೇರಿತ್ತು. ಆಗ ಬಗಲಲ್ಲಿ ಫೈಲು ಹಿಡಿದ ತೆಳ್ಳಗಿನ ಮನುಷ್ಯನೊಬ್ಬ ಬಂದ. ವಿದ್ಯುತ್ ಕಚೇರಿಯ ಅಧಿಕಾರಿ. ಹೊರಗಿನವನೊಬ್ಬ ಮನೆಮನೆಗೆ ಹೋಗಿ ಮೀಟರಿನ ಅಂಕಿ ಕದಿಯುತ್ತಿದ್ದಾನೆ ಎಂದು ಚರ್ಚಿಗೆ ಬರದ ಒಬ್ಬ ಕ್ಷೌರಿಕ ದೂರು ಕೊಟ್ಟಿದ್ದನಂತೆ.

ಜನ ಅಧಿಕಾರಿಯ ಮೇಲೆ ಬಿದ್ದರು. "ಅಂಕಿ ಕದಿಯೋರಾ? ಇವರಾ?" ಬ್ರೆಡ್ ಅಂಗಡಿಯಮ್ಮ ಸೊಂಟದ ಮೇಲೆ ಕೈಯಿಟ್ಟಳು. ಅಂಚೆಯವನು ತನ್ನ ಮೊಣಕಾಲು ನೋವು ವಾಸಿಯಾದದ್ದನ್ನು ಅಲ್ಲೇ ಕುಣಿದು ತೋರಿಸಿದ. ಹಿರಿಯಮ್ಮ ಅಧಿಕಾರಿಯ ಎದುರು ನಿಂತು, ಈ ಮನುಷ್ಯ ನಮ್ಮ ಊರಿನ ಅರವತ್ತು ಮನೆಗಳಿಗಾಗಿ ಮೊಣಕಾಲೂರಿದ್ದಾರೆ, ಸಾಕ್ಷಿಗೆ ನಾನಿದ್ದೇನೆ ಎಂದರು. ಅಯ್ಯನವರೂ ಹೂಂಗುಟ್ಟಿದರು. ಭಾವನಿಗೆ ಬೇರೆ ದಾರಿ ಕಾಣದೆ, "ಅವನು ವಚನದ ನಂಬರು ಬರ್ಕೊಳ್ಳೋದು," ಎಂದು ಸಾಕ್ಷಿ ನುಡಿದ.

ಅಧಿಕಾರಿ ಹೆದರಿ ಟೋಪಿ ತೆಗೆದ. ತಪ್ಪಾಯಿತು, ಕ್ಷಮಿಸಬೇಕು ಎಂದು ಫೈಲು ಮುಚ್ಚಿ ತಿರುಗಿದ. ಡ್ರೈವರು ಹಾರ್ನ್ ಒತ್ತಿದ. ಕಿಟಕಿ ಪಕ್ಕದ ಸೀಟು ಖಾಲಿಯಿತ್ತು.

ಮೀಟರಣ್ಣ ಒಂದು ಕಾಲು ಮೆಟ್ಟಿಲ ಮೇಲಿಟ್ಟವನು ಹಾಗೇ ನಿಂತ. ಆ ಊರಿನಲ್ಲಿ ಅಜ್ಜಿಯ ಮನೆಯ ಮೀಟರಿನ ಸೀಲು ಒಡೆಯುವ ಅಧಿಕಾರವಿದ್ದ ಒಬ್ಬನೇ ಮನುಷ್ಯ ಬೆನ್ನು ತಿರುಗಿಸಿ ಹೋಗುತ್ತಿದ್ದ.

"ಸ್ವಾಮೀ, ನಿಲ್ಲಿ!" ಎಂದು ಕೂಗಿದ. "ಅವರು ಹೇಳಿದ್ದು ಸುಳ್ಳು. ನಾನು ಪ್ರಾರ್ಥನೆ ಮಾಡ್ತಿರಲಿಲ್ಲ. ಮೀಟರ್ ನೋಡ್ತಿದ್ದೆ. ನಾನು ಮೀಟರ್ ನೋಡೋನು!"

ದುಭಾಷಿ ಅವನ ಮುಖ ನೋಡಿದ. "ಅಣ್ಣಾ, ಇದನ್ನ ಹೇಗೆ ದಾಟಿಸ್ಲಿ?"

"ಏನೂ ಸೇರಿಸ್ಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿ."

ದುಭಾಷಿ ಹೇಳಿದ. ಜೀವಮಾನದಲ್ಲಿ ಮೊದಲ ಸಲ ಸಪ್ಪೆಯಾಗಿ ಬಡಿಸಿದ. ಅಂಚೆಯವನು ಮೆಲ್ಲನೆ ಮೊಣಕಾಲು ಹಿಡಿದುಕೊಂಡ. ಭಾವ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕುಸಿದು ಕುಳಿತ.

"ಹಾಗಾದರೆ ನನ್ನ ಹಿಟ್ಟು ಉಬ್ಬಿದ್ದು?" ಎಂದಳು ಬ್ರೆಡ್ ಅಂಗಡಿಯಮ್ಮ.

"ಯೀಸ್ಟ್ ಜಾಸ್ತಿ ಬಿದ್ದಿರ್ಬೇಕಮ್ಮ," ಎಂದು ಮೀಟರಣ್ಣ ತಲೆ ತಗ್ಗಿಸಿದ. ಆಮೇಲೆ ನೋಟುಬುಕ್ಕು ತೆಗೆದು ಅಧಿಕಾರಿಯ ಮುಂದೆ ಹಿಡಿದ. "ದಿಬ್ಬದ ಮೇಲಿನ ಮನೆ. ಎರಡನೇ ದಿನ ನೋಡಿ. ಆರನೇ ದಿನ ನೋಡಿ. ನಿನ್ನೆದೂ ನೋಡಿ. ಒಂದು ಅಂಕಿ ಅಲುಗಿಲ್ಲ. ಇದು ನಿಮಗೆ ಗೊತ್ತೇ ಆಗಲಿ​ಲ್ವಾ?"

ಅಧಿಕಾರಿ ಫೈಲು ಬಿಚ್ಚಿದ. ಅಲ್ಲಿ ಮೀಟರು ನೋಡಲು ಮನುಷ್ಯರನ್ನು ಕಳಿಸುವುದು ನಿಂತು ಒಂಬತ್ತು ವರ್ಷವಾಗಿತ್ತು. ಮೀಟರಿಗೆ ಒಂದು ಡಬ್ಬಿ ಜೋಡಿಸಿದ್ದಾರೆ, ಅಂಕಿ ತಾನಾಗಿಯೇ ಕಚೇರಿಗೆ ಬರುತ್ತದೆ ಎಂದು ಅವನು ಹೆಮ್ಮೆಯಿಂದ ಹೇಳಿದ. ಬೆರಳು ಇಳಿಸುತ್ತ ಹೋದವನು ಒಂದು ಕಡೆ ನಿಂತ. ಹತ್ತೊಂಬತ್ತು ದಿನದಿಂದ ಅದೇ ಅಂಕಿ.

"ಬಂದ ಅಂಕಿಯನ್ನ ಯಾರು ನೋಡ್ತಾರೆ?"

"ಯಂತ್ರ ನೋಡುತ್ತಂತೆ," ಎಂದ ದುಭಾಷಿ.

"ಮತ್ತೆ ಯಂತ್ರ ಯಾಕೆ ಹೇಳಲಿಲ್ಲ?"

ಅಧಿಕಾರಿ ಕಿವಿ ತುರಿಸಿಕೊಂಡ. "ಯಂತ್ರವನ್ನ ಯಾರೂ ಕೇಳಲಿಲ್ಲವಂತೆ."

ಈಗಲೇ ಹೋಗಿ ಸರಿಮಾಡುತ್ತೇನೆ, ಆದರೆ ಅಂಕಿ ಬರೆದುಕೊಂಡವರು ಸ್ಥಳದಲ್ಲಿದ್ದು ಸಹಿ ಹಾಕಬೇಕು, ಅದು ನಿಯಮ ಎಂದ ಅಧಿಕಾರಿ. ಡ್ರೈವರು ಮತ್ತೆ ಹಾರ್ನ್ ಒತ್ತಿದ. ಅಯ್ಯನವರು ಕೆಳಗಿಳಿದು ಬಂದರು. ಅವರ ಮುಖದಲ್ಲಿ ಸಿಟ್ಟಿತ್ತೋ ನಗುವಿತ್ತೋ ಹೇಳುವುದು ಕಷ್ಟ. "ಬಸ್ಸು ಕಾಯಲ್ಲಪ್ಪ. ವಿದ್ಯುತ್ ಕೇಂದ್ರದ ಬಾಗಿಲು ಮಧ್ಯಾಹ್ನಕ್ಕೆ ಮುಚ್ಚುತ್ತೆ. ಏನ್ ಮಾಡ್ತೀಯ?"

"ನೀವು ಹೋಗಿ ಬನ್ನಿ ಅಯ್ಯನವರೇ," ಎಂದ ಮೀಟರಣ್ಣ. ಬಸ್ಸು ತಿರುವಿನಲ್ಲಿ ಮರೆಯಾದಾಗ ಅವನಿಗೆ ಅಳು ಬಂತು. ಇಪ್ಪತ್ತಾರು ವರ್ಷದ ಆಸೆ, ಸುಮ್ಮನೆ ಬರುತ್ತದೆಯೇ? ಮುಖ ಒರೆಸಿಕೊಂಡು ದಿಬ್ಬ ಹತ್ತಿದ. ಹಿಂದೆ ಅಧಿಕಾರಿ, ದುಭಾಷಿ, ಅವರ ಹಿಂದೆ ಹಿರಿಯಮ್ಮ, ಅವರ ಹಿಂದೆ ಅರ್ಧ ಊರು.

ಸೀಲು ಒಡೆದು ನೋಡಿದರೆ ಫ್ಯೂಸು ಸುಟ್ಟು ಕರಕಲಾಗಿತ್ತು. ಹತ್ತು ನಿಮಿಷದ ಕೆಲಸ. ಹೊಸದು ಹಾಕುತ್ತಿದ್ದಂತೆ ಅಡುಗೆಮನೆಯ ದೀಪ ಹತ್ತಿತು. ಹತ್ತೊಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದ ರೇಡಿಯೋ ನಡುವಾಕ್ಯದಿಂದಲೇ ಅರಚಿಕೊಂಡಿತು. ಅಜ್ಜಿ ಬೆಚ್ಚಿಬಿದ್ದು, ಇಷ್ಟು ಜನರ ಮುಂದೆ ಬಡತನ ಬಯಲಾದಂತೆ ಮುಖ ಬಿಗಿದುಕೊಂಡರು. ಯಾರಿಗೆ ಹೇಳಬೇಕಿತ್ತು, ಮೊದಲಾದರೆ ತಿಂಗಳಿಗೊಮ್ಮೆ ಮೀಟರಿನವನು ಬರುತ್ತಿದ್ದ, ಅವನಿಗೆ ಹೇಳುತ್ತಿದ್ದೆ ಎಂದರು.

ಮೀಟರಣ್ಣ ಅವರನ್ನು ಗೂಡಿನ ಹತ್ತಿರ ಕರೆದ. ಇಬ್ಬರೂ ಬಗ್ಗಿದರು. ಚಕ್ರ ಮೊದಲು ನಡುಗಿತು, ಆಮೇಲೆ ಹೊರಟಿತು. ಕೆಂಪು ಗುರುತು ಎಡದಿಂದ ಬಂದು ಬಲಕ್ಕೆ ಹೋಯಿತು. ಐವತ್ತು ವರ್ಷ ಆ ಮನೆಯಲ್ಲಿದ್ದ ಅಜ್ಜಿ ಅದನ್ನು ನೋಡಿದ್ದು ಇದೇ ಮೊದಲು. ಮೂರು ಸುತ್ತು ನೋಡಿ, ಬಿಗಿದ ಮುಖ ಸಡಿಲಿಸಿ ಏನೋ ಕೇಳಿದರು.

"ಮುಂದಿನ ತಿಂಗಳು ಯಾವ ತಾರೀಕು ಬರ್ತೀರ ಅಂತ ಕೇಳ್ತಿದ್ದಾರೆ," ಎಂದ ದುಭಾಷಿ.

ಈ ಪ್ರಶ್ನೆಯನ್ನು ಮೀಟರಣ್ಣ ಇಪ್ಪತ್ತಾರು ವರ್ಷದಲ್ಲಿ ಲಕ್ಷ ಸಲ ಕೇಳಿಸಿಕೊಂಡಿದ್ದ. ಉತ್ತರ ನಾಲಗೆಯ ತುದಿಯಲ್ಲೇ ವಾಸವಾಗಿತ್ತು. "ಹನ್ನೆರಡನೇ ತಾರೀಕು," ಎಂದುಬಿಟ್ಟ. ಬೆರಳು ತೋರಿಸಿ ಲೆಕ್ಕ ಹೇಳಿದ್ದರಿಂದ ದಾಟಿಸುವ ಅಗತ್ಯವೂ ಬೀಳಲಿಲ್ಲ. ಅಜ್ಜಿ ಹೋಗಿ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ದುಂಡಗೆ ಗುರುತು ಹಾಕಿ ಬಂದರು.

ದುಭಾಷಿ ಅವನ ಕಿವಿಯಲ್ಲಿ, "ಅಣ್ಣಾ, ಹನ್ನೆರಡನೇ ತಾರೀಕು ನೀವು ಎಲ್ಲಿರ್ತೀರ?" ಎಂದ.

"ನಮ್ಮೂರಲ್ಲಿ. ನಾಲ್ಕನೇ ಬೀದೀಲಿ." ಮೀಟರಣ್ಣನ ಮುಖ ಸಪ್ಪಗಾಯಿತು. ಕ್ಯಾಲೆಂಡರು ನೋಡಿದ, ಅಜ್ಜಿಯನ್ನು ನೋಡಿದ, ಅಧಿಕಾರಿಯನ್ನು ನೋಡಿದ. ಅಧಿಕಾರಿ ಫೈಲು ನೋಡಿದ. ಕಡೆಗೆ ಹಿರಿಯಮ್ಮ ದುಭಾಷಿಯ ಕಡೆ ನೋಡಿದರು. ಆ ನೋಟಕ್ಕೆ ಯಾವ ಭಾಷೆಯ ದುಭಾಷಿಯೂ ಬೇಕಾಗಿರಲಿಲ್ಲ.

"ಆಯ್ತು, ನಾನೇ ಹೋಗ್ತೀನಿ," ಎಂದು ಅವನು ಉಸಿರುಬಿಟ್ಟ. "ಎಲ್ಲಿ ನೋಡ್ಬೇಕು, ತೋರಿಸಿಕೊಡಿ."

ಊರಿಗೆ ಮರಳಿದ ಮೇಲೆ ಭಾವ ಮನೆಗೆ ಬಂದು ವಿದ್ಯುತ್ ಕೇಂದ್ರದ ನೂರ ನಲವತ್ತು ಫೋಟೋ ತೋರಿಸಿದ. ನೂರ ಮೂವತ್ತರಲ್ಲಿ ಅವನೇ ಇದ್ದ. ಮೀಟರಣ್ಣ ಭಾವನ ಭುಜದ ಹಿಂದೆ ಕಾಣುವ ಯಂತ್ರವನ್ನು ಬಗ್ಗಿ ಬಗ್ಗಿ ನೋಡಿದ. "ಒಳಗೆ ಸದ್ದು ಹೇಗಿತ್ತು ಭಾವ?"

"ಸದ್ದಾ? ಜೋರಾಗಿತ್ತು."

"ಯಾವ ಥರ ಜೋರು? ಗುಂಯ್ ಅಂತಿತ್ತಾ, ಗಡಗಡ ಅಂತಿತ್ತಾ? ನೆಲ ನಡುಗ್ತಿತ್ತಾ?"

ಭಾವ ಯೋಚಿಸಿದ. ಪಾಪ, ಅವನು ಹೆಚ್ಚಿನ ಹೊತ್ತು ಕ್ಯಾಂಟೀನಿನಲ್ಲಿದ್ದ. "ಜೋರಾಗಿತ್ತು ಅಂದ್ನಲ್ಲ," ಎಂದು ಫೋಟೋ ಮುಚ್ಚಿಟ್ಟ.

ಹನ್ನೆರಡನೆಯ ತಾರೀಕು ಮಧ್ಯಾಹ್ನ ಮೀಟರಣ್ಣನ ಫೋನಿಗೆ ಪರದೇಶದಿಂದ ಐದು ಅಂಕಿ ಬಂತು. ಕಳೆದು ನೋಡಿದ, ನಲವತ್ತು ಯೂನಿಟ್ಟು. ದೀಪ, ರೇಡಿಯೋ, ಅಷ್ಟೆ. ಅಲ್ಲಿ ಮಂಜು ಬೀಳುವ ಕಾಲ. ಮನೆಯ ಮೂಲೆಯಲ್ಲಿ ಕಂಡಿದ್ದ ಹೀಟರನ್ನು ಅಜ್ಜಿ ಹಾಕುತ್ತಿಲ್ಲ. ಮೀಟರಣ್ಣನಿಗೆ ಊಟ ಮಾಡುವಾಗಲೂ ಅದೇ ಯೋಚನೆ. ಕಡೆಗೆ ದುಭಾಷಿಗೆ ಫೋನು ಮಾಡಿ, "ಅಜ್ಜಿಗೆ ಹೇಳಿ, ಚಕ್ರ ತುಂಬ ನಿಧಾನವಾಗಿ ತಿರುಗಿದ್ರೆ ಮೀಟರು ಕೆಟ್ಟುಹೋಗುತ್ತೆ ಅಂತ. ನಿಮಗೆ ತಿಳಿದ ಹಾಗೆ ಉಪ್ಪು ಖಾರ ಹಾಕಿ ಹೇಳಿ," ಎಂದ. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಮೀಟರಿನ ಬಗ್ಗೆ ಅವನು ಹೇಳಿದ ಮೊದಲ ಸುಳ್ಳು ಅದು.

ಅದರ ಮುಂದಿನ ಹನ್ನೆರಡಕ್ಕೆ ಬಂದ ಅಂಕಿಯನ್ನು ಅವನು ಎರಡು ಸಲ ಕಳೆದು ನೋಡಿದ. ಇನ್ನೂರ ಹತ್ತು! ಅಡುಗೆಮನೆಗೆ ಓಡಿ ಹೆಂಡತಿಗೆ ತೋರಿಸಿದ.

"ಒಬ್ಬರಿಗೆ ಇನ್ನೂರ ಹತ್ತಾ?" ಎಂದಳು ಅವಳು. "ನಮ್ಮ ಮನೇಲಿ ಫ್ಯಾನು ಒಂದು ಗಂಟೆ ಜಾಸ್ತಿ ತಿರುಗಿದ್ರೆ ಕುಣೀತೀರಲ್ಲ!"

"ಅಲ್ಲಿ ಚಳಿ ಕಣೇ," ಎಂದ ಮೀಟರಣ್ಣ, ಫೋನಿನಿಂದ ಕಣ್ಣು ತೆಗೆಯದೆ.

ಅವಳು ಅವನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಕೈ ಒರೆಸಿಕೊಂಡು ಹೋಗಿ ಫ್ಯಾನನ್ನು ಒಂದಲ್ಲ, ಎರಡು ಹಂತ ಜೋರು ಮಾಡಿದಳು. ಮೀಟರಣ್ಣ ಈ ಸಲ ಕುಣಿಯಲಿಲ್ಲ.